ಹಳೆಯ ಟೇಕ್‌ಡೌನ್ ಬಿಲ್ಲು: ಲಿಂಬ್ ಬೋಲ್ಟು ಎರಡೇ ಸುತ್ತಿನಲ್ಲಿ ಬಿಗಿಯುತ್ತಿದೆ

ಸಾಧನಕೇರಿಯವ:
ನಮಸ್ಕಾರ್ರೀ. ಧಾರವಾಡದಲ್ಲಿ ಪರಿಚಯದವರ ಮನೆ ಖಾಲಿ ಮಾಡುವಾಗ ಹಳೆಯ ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲು ಸಿಕ್ಕಿತು, ಬಿಚ್ಚಿ ಜೋಡಿಸುವ ಟೇಕ್‌ಡೌನ್. ಲೋಹದ ರೈಸರ್ (ಹಿಡಿಕೆ ಇರುವ ನಡುಭಾಗ), ಕಂದು ಬಣ್ಣದ ಎರಡು ಲಿಂಬ್ (ಬಾಗುವ ತೋಳು). ಹೆಸರಿನ ಸ್ಟಿಕ್ಕರ್ ಅಳಿಸಿಹೋಗಿದೆ, ಒಂದು ಲಿಂಬ್ ಮೇಲೆ ಪೆನ್ನಿನಲ್ಲಿ 66, ಅದರ ಕೆಳಗೆ 34# ಎಂದಿದೆ. ಲಿಂಬ್ ಬಿಗಿಯುವ ಬೋಲ್ಟು ಒಂದೇ ಇದೆ, ಇನ್ನೊಂದು ಇಲ್ಲ. ಗ್ಯಾರೇಜಿನಿಂದ 8 ಎಂಎಂ ಬೋಲ್ಟು ತಂದು ಹಾಕಿದೆ. ಎರಡು ಸುತ್ತು ಹೋಗಿ ನಿಂತುಬಿಡುತ್ತದೆ. ಸ್ಪ್ಯಾನರ್ ಹಾಕಿ ಒತ್ತಲೇ?

ಲೇತ್ ಮಾಮಾ:
ಒತ್ತಬೇಡಪ್ಪಾ! ರೈಸರ್ ಮೆತ್ತನೆಯ ಎರಕದ ಲೋಹ, ಬೋಲ್ಟು ಉಕ್ಕು. ಸೋಲುವುದು ರೈಸರೇ. ನಿನ್ನ ಹತ್ತಿರ ಉಳಿದಿರುವ ಬೋಲ್ಟಿನ ಮೇಲೆ ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಥ್ರೆಡ್ ಇವೆ ಎಣಿಸು. ಸುಮಾರು 20 ಇದ್ದರೆ ಎಂ8, ಅಂದರೆ 8 ಎಂಎಂನದು. 18 ಅಥವಾ 24 ಇದ್ದರೆ ಇಂಚಿನ ಲೆಕ್ಕದ್ದು, ನಮ್ಮ ಕಡೆ ಎರಡೂವರೆ ಸೂತ ಅನ್ನುತ್ತೇವಲ್ಲ, 5/16 ಇಂಚು. ದಪ್ಪ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಬಾಯಿಗೆ ಕೂರುತ್ತದೆ, ಥ್ರೆಡ್‌ನ ಅಂತರ ಬೇರೆ ಆದ್ದರಿಂದ ಸಿಕ್ಕಿಕೊಳ್ಳುತ್ತದೆ. ಇದರಲ್ಲಿ ಮೋಸ ಹೋಗದವರು ಯಾರೂ ಇಲ್ಲ, ನಾನೂ ಹೋಗಿದ್ದೇನೆ.

ಸಾಧನಕೇರಿಯವ:
ಎಣಿಸಿದೆ ಮಾಮಾ, 18 ಬಂತು. ಆದರೆ ರೈಸರ್ ಮುಂದುಗಡೆ ಒಂದು ತೂತಿದೆ, ಅಲ್ಲಿ ಈ ಬೋಲ್ಟು ಕೂರುತ್ತಿಲ್ಲ. ಹಿಡಿಕೆಯ ಮೇಲೆ ಪಕ್ಕದಲ್ಲೂ ಒಂದು ತೂತಿದೆ.

ಗದಗಿನ ಬಿಲ್ಲು:
ಮುಂದಿನದು ಸ್ಟೆಬಿಲೈಸರ್‌ಗೆ (ಬಿಲ್ಲು ಅಲುಗದಂತೆ ಹಾಕುವ ತೂಕದ ಕೋಲು), ಪಕ್ಕದ್ದು ಪ್ಲಂಜರ್‌ಗೆ (ಬಾಣ ಪಕ್ಕಕ್ಕೆ ಒರಗುವ ಸ್ಪ್ರಿಂಗ್ ಗುಂಡಿ). ಅವೆರಡೂ ಸಾಮಾನ್ಯವಾಗಿ 5/16ರಲ್ಲಿ 24 ಥ್ರೆಡ್. ಹಾಗಾಗಿ ಸ್ಟೆಬಿಲೈಸರ್‌ನ ಬೋಲ್ಟನ್ನು ಬಿಚ್ಚಿ ಲಿಂಬ್‌ಗೆ ಹಾಕುತ್ತೇನೆ ಅನ್ನಬೇಡಿ. ಬೋಲ್ಟು ಇದೆ ಅಂದಮೇಲೆ ಅದು ಬೇರ್ ಎಂಬ ಬಿಲ್ಲಿನ ಕಂಪನಿಯ ಲ್ಯಾಚ್ (ಚಿಲಕ) ಇರುವ ಹಳೆಯ ಟೇಕ್‌ಡೌನ್ ಅಲ್ಲ, ಅದಕ್ಕೆ ಉಪಕರಣವೇ ಬೇಡ. ಈಗಿನ ಐಎಲ್‌ಎಫ್ (ಬೇರೆ ಬೇರೆ ಕಂಪನಿಯವು ಒಂದಕ್ಕೊಂದು ಕೂರುವ ಜೋಡಣೆಯ) ಲಿಂಬ್‌ಗಳೂ ಇದಕ್ಕೆ ಕೂರುವುದಿಲ್ಲ, ಹುಡುಕಿ ದುಡ್ಡು ಸುರಿಯಬೇಡಿ. 66 ಅಂದರೆ ಬಿಲ್ಲಿನ ಉದ್ದ ಇಂಚಿನಲ್ಲಿ. 34 ಅಂದರೆ ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಪೌಂಡ್.

ಬೋಲ್ಟಿಗಿಂತ ನನಗೆ ಲಿಂಬ್‌ಗಳದ್ದೇ ಚಿಂತೆ ರೀ. ಹತ್ತಿಯ ಉಂಡೆಯನ್ನು ಅಂಚಿನುದ್ದಕ್ಕೂ ಸವರಿ ನೋಡಿ, ಎಳೆ ಸಿಕ್ಕಿಕೊಂಡ ಕಡೆ ಗಾಜಿನ ನಾರಿನ ಪದರ ಬಿಟ್ಟಿರಬಹುದು. ಅಡ್ಡ ಬಿರುಕು ಕಂಡರೆ ಅಲ್ಲಿಗೇ ಮುಗಿಯಿತು, ಗೋಡೆಗೆ ತೂಗುಹಾಕಿ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡಬೇಡಿ, ಹಳೆಯ ಗೋಂದು ಮೆತ್ತಗಾಗುತ್ತದೆ. ಹೆದೆ ಡೇಕ್ರಾನ್‌ನದ್ದೇ (ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ನೂಲು) ಇರಲಿ, ಉದ್ದ ಸುಮಾರು 62 ಇಂಚು. ಹಿಗ್ಗದ ಹೊಸ ನೂಲಿನ ಹೆದೆ ಹಾಕಿದರೆ ಹಳೆಯ ಲಿಂಬ್‌ನ ತುದಿಯೇ ಹಾರಬಹುದು. ಮತ್ತೆ, ಬಾಣ ಇಲ್ಲದೆ ಎಳೆದು ಬಿಡುವ ಹುಡುಗಾಟ ಬೇಡ.

ಸಾಧನಕೇರಿಯವ:
ಬೋಲ್ಟು ಹುಬ್ಬಳ್ಳಿಯಲ್ಲಿ ಸಿಕ್ಕಿತು! ಎರಡೂವರೆ ಸೂತ, 18 ಥ್ರೆಡ್ ಅಂದೆ, ಅಂಗಡಿಯವರು ಒಂದು ಮಾತೂ ಕೇಳದೆ ಕೊಟ್ಟರು. ನಾನು ಕೆಡಿಸಿದ ಮೊದಲ ಎರಡು ಸುತ್ತಿನ ಥ್ರೆಡ್‌ಗೆ ಗೋಕುಲ ರಸ್ತೆ ಕಡೆಯ ಒಂದು ಲೇತಿನಲ್ಲಿ ಕೈಯಿಂದಲೇ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಆಡಿಸಿಕೊಟ್ಟರು. ಆದರೂ ಲಿಂಬ್ ಒಂದು ಚೂರು ಅಲ್ಲಾಡುತ್ತಿತ್ತು. ನೋಡಿದರೆ ಹಳೆಯ ಬೋಲ್ಟಿಗೆ ವಾಷರ್ ಇದೆ, ಹೊಸದಕ್ಕೆ ಇಲ್ಲ. ಹಾಕಿದ ಮೇಲೆ ಗಟ್ಟಿಯಾಯಿತು. ಹತ್ತಿ ಸವರಿ ನೋಡಿದೆ, ಎಳೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಹೆದೆ ಏರಿಸಿದೆ, ಹಿಡಿಕೆಯಿಂದ ಎಂಟೂವರೆ ಇಂಚು ಇದೆ, ಮೇಲಿನ ಲಿಂಬ್‌ನಿಂದ ಹೆದೆಗೆ ಇರುವ ದೂರ ಕೆಳಗಿನದಕ್ಕಿಂತ 4 ಎಂಎಂ ಜಾಸ್ತಿ.

ಗದಗಿನ ಬಿಲ್ಲು:
ಸರಿಯಾಗಿದೆ. ಮೇಲಿನದು ಸ್ವಲ್ಪ ಜಾಸ್ತಿ ಇರಬೇಕು. ಉಲ್ಟಾ ಬಂದಿದ್ದರೆ ಲಿಂಬ್ ಅದಲುಬದಲಾಗಿದೆ ಅಂತ ಮೊದಲು ಅನುಮಾನಪಡಬೇಕಿತ್ತು.

ಲೇತ್ ಮಾಮಾ:
ಆ 8 ಎಂಎಂ ಬೋಲ್ಟನ್ನು ಇವತ್ತೇ ಗ್ಯಾರೇಜಿಗೆ ವಾಪಸ್ ಕೊಟ್ಟು ಬಾ. ಬಿಲ್ಲಿನ ಚೀಲದಲ್ಲಿ ಇಟ್ಟರೆ ಆರು ತಿಂಗಳಲ್ಲಿ ಮತ್ತೆ ಅದನ್ನೇ ಹಾಕುತ್ತೀ.