ಟೊಮೆಟೊ ಹಣ್ಣಾ, ತರಕಾರಿನಾ? ನಮ್ಮನೆ ಕೋರ್ಟ್ ಕಲಾಪ

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಒಂಬತ್ತು ವರ್ಷದ ಮಗಳು ತಟ್ಟೆಯಿಂದ ಒಂದು ಚೂರು ಟೊಮೆಟೊ ಎತ್ತಿ ತೋರಿಸಿದಳು. "ಅಮ್ಮಾ, ಇದು ಹಣ್ಣು. ಅಲ್ಲಿಗೆ ಇವತ್ತಿನ ಹಣ್ಣು ತಿಂದಾಯ್ತು. ಸೇಬು ಬೇಡ."

ಹೂವಿನಿಂದ ಬೆಳೆದು ಒಳಗೆ ಬೀಜ ಇದ್ದರೆ ಅದು ಹಣ್ಣು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಸಸ್ಯಶಾಸ್ತ್ರದ ಪ್ರಕಾರ ಸರಿಯೇ. ಆ ಲೆಕ್ಕಕ್ಕೆ ಸೌತೆ, ಬದನೆ, ಕುಂಬಳ, ಮೆಣಸಿನಕಾಯಿ ಎಲ್ಲವೂ ಹಣ್ಣೇ. "ಹಾಗಾದ್ರೆ ನಾಳೆ ಫ್ರೂಟ್ ಸಲಾಡ್‌ಗೆ ಬದನೆಕಾಯಿ ಹಾಕ್ತೀನಿ" ಅಂದರು ನಮ್ಮೆಜಮಾನ್ರು. ಅವರ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ನಾನೂ ಬಿಡಲಿಲ್ಲ. ಇದೇ ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು ಕಣೇ ಅಂದೆ. ಆಗ ಆಮದಾಗುವ ತರಕಾರಿಗೆ ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. ಟೊಮೆಟೊ ತರಿಸುತ್ತಿದ್ದ ವ್ಯಾಪಾರಿ "ಇದು ಹಣ್ಣು, ದುಡ್ಡು ವಾಪಸ್ ಕೊಡಿ" ಅಂತ ಕೇಸ್ ಹಾಕಿದ. 1893ರಲ್ಲಿ ತೀರ್ಪು ಬಂತು: ಗಿಡದ ಲೆಕ್ಕದಲ್ಲಿ ಹಣ್ಣೇ ಇರಬಹುದು, ಆದರೆ ಜನ ಅದನ್ನು ಊಟದ ಜೊತೆ ತಿನ್ನುತ್ತಾರೆ, ಊಟ ಆದಮೇಲೆ ಸಿಹಿಯಾಗಿ ಅಲ್ಲ. ಆದ್ದರಿಂದ ಸುಂಕದ ಮಟ್ಟಿಗೆ ತರಕಾರಿ. ವ್ಯಾಪಾರಿ ಸೋತ. ನನ್ನ ಮಗಳೂ ಸೋತಳು ಅಂದುಕೊಂಡೆ.

"ಟ್ಯಾಕ್ಸ್ ಬೇಕು ಅಂದ್ರೆ ಬೀಜ ಮಾಯ ಆಗುತ್ತಾ?" ಅಂದಳು. ಉತ್ತರ ಇರಲಿಲ್ಲ.

ಮಾತು ಬದಲಿಸಲು ಜಾಫಾ ಕೇಕ್ ಕಥೆ ತೆಗೆದೆ. ಅದು ಬಿಸ್ಕತ್ತಿನಷ್ಟೇ ಚಿಕ್ಕದಾದ, ಮೇಲೆ ಚಾಕೊಲೇಟ್ ಹಚ್ಚಿದ ತಿಂಡಿ. ಬ್ರಿಟನ್ನಿನಲ್ಲಿ ಕೇಕಿಗೆ ವ್ಯಾಟ್ ಇಲ್ಲ, ಚಾಕೊಲೇಟ್ ಹಚ್ಚಿದ ಬಿಸ್ಕತ್ತಿಗೆ ಇದೆ. 1991ರಲ್ಲಿ ಅದು ಕೇಕ್ ಅಂತಲೇ ತೀರ್ಮಾನ ಆಯಿತು. ಅಲ್ಲಿ ನೋಡಿದ ಅಂಶಗಳಲ್ಲಿ ಒಂದು ನನಗೆ ತುಂಬಾ ಇಷ್ಟ: ಹಳೆಯದಾದರೆ ಕೇಕ್ ಗಟ್ಟಿಯಾಗುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ. ಹೇಳಿದ್ದೇ ತಪ್ಪಾಯಿತು. ಈಗ ನಮ್ಮ ಕಿಟಕಿ ಕಟ್ಟೆಯ ಮೇಲೆ ನಾಲ್ಕು ದಿನದಿಂದ ಒಂದು ಬಿಸ್ಕತ್ತು, ಒಂದು ಕೇಕ್ ಚೂರು ವಿಚಾರಣೆಗೆ ಕೂತಿವೆ. ಮುಟ್ಟೋ ಹಾಗಿಲ್ಲ. ಆರು ವರ್ಷದ ಮಗ ಬೇರೆ, ಹಾಲಿಗೆ ಹಾಕಿದ ಕಾರ್ನ್‌ಫ್ಲೇಕ್ಸ್ ಸೂಪ್ ಅಂತ ಹಟ ಹಿಡಿದಿದ್ದಾನೆ. ತಣ್ಣಗಿರೋ ಸೂಪೂ ಇರುತ್ತೆ ಅಂತಾನೆ. ಹೌದಲ್ವಾ?

ಆಮೇಲೆ ಪಾತ್ರೆ ತೊಳೆಯುವಾಗ ಹೊಳೆಯಿತು. ಹಣ್ಣಾ ತರಕಾರಿನಾ ಅನ್ನೋದು ಮಕ್ಕಳು ಇಂಗ್ಲಿಷಿನಲ್ಲಿ ಕಲಿತು ಬಂದ ಪ್ರಶ್ನೆ. ನಮ್ಮ ಭಾಷೆ ಅದಕ್ಕಿಂತ ಮೊದಲು ಇನ್ನೊಂದು ಕೇಳುತ್ತದೆ: ಕಾಯಾ, ಹಣ್ಣಾ? ಒಂದೇ ಮರ, ಒಂದೇ ಕೊಂಬೆ. ಇವತ್ತು ಮಾವಿನಕಾಯಿ, ಹದಿನೈದು ದಿನ ಬಿಟ್ಟರೆ ಮಾವಿನಹಣ್ಣು. ಬಾಳೆಕಾಯಿಯನ್ನು ಬೇಯಿಸುತ್ತೇವೆ, ಬಾಳೆಹಣ್ಣನ್ನು ಸುಲಿದು ತಿನ್ನುತ್ತೇವೆ. ಹಸಿರಿದ್ದಾಗ ಟೊಮೆಟೊ ಕಾಯಿ, ಕೆಂಪಾದ ಮೇಲೆ ಟೊಮೆಟೊ ಹಣ್ಣು. ಸಾರಿಗೆ ಹಾಕಿದರೂ ಹಣ್ಣೇ.

ಮಾರನೇ ದಿನ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಮನೆಯಲ್ಲಿ ಕನ್ನಡ ಮಾತಾಡಿ ಅಂತ ದಿನಾ ಗೋಗರೆಯುವವಳಿಗೆ ಅವತ್ತು ಬಿಟ್ಟಿ ಪಾಠ ಸಿಕ್ಕಿತ್ತು. ಮಗಳು ತಕ್ಷಣ ಲೋಪ ಹುಡುಕಿದಳು. "ಹಾಗಾದ್ರೆ ತೆಂಗಿನಕಾಯಿ ಯಾವಾಗ ಹಣ್ಣಾಗುತ್ತೆ?" ಅದು ಮಾತ್ರ ಕೊನೆವರೆಗೂ ಕಾಯೇ, ಪಾಪ.

ಮಗ ಏನೂ ಹೇಳದೆ ಫ್ರಿಜ್ ಹತ್ತಿರ ಹೋದ. ಒಂದು ಸೇಬು ತೆಗೆದು, ಡಾಕ್ಟರ್ ಥರ ಒತ್ತಿ ನೋಡಿ, ವಾಪಸ್ ಇಟ್ಟ.

"ಇದು ಇನ್ನೂ ಕಾಯಿ. ಅಮ್ಮಾ, ನೀನೂ ಸ್ವಲ್ಪ ಕಾಯಿ."