ಒಂದು ಮಾರು ದೂರ ಕೂರಿ, ಭಾವ

"ಒಂಟಿಮನೆಯವರಿಗೆ ಕ್ವಾರಂಟೈನ್ ಎಂತಾ ಹೊಸತು ಭಾವ? ಮನೆಯಿಂದ ಮನೆಗೆ ಒಂದು ಮೈಲಿ ಇದ್ದು. ಮಳೆಗಾಲದಲ್ಲಿ ಹಳ್ಳ ತುಂಬಿದ್ರೆ ಸರ್ಕಾರ ಹೇಳದೇ ಬ್ಯಾಡ, ತನ್ನಷ್ಟಕ್ಕೇ ಆಗ್ತು" ಎಂದು ಗಪ್ಪಣ್ಣ ಜಗುಲಿಯ ಕಂಬಕ್ಕೆ ಒರಗಿ ಎಲೆಯಡಿಕೆಯ ಕವಳದ ತಬಕು ಎಳೆದುಕೊಂಡ.

ಮಾಸ್ತರಿಗೆ ಒಂದು ಶಬ್ದ ಸಿಕ್ಕರೆ ಸಾಕು. "ಕ್ವಾರಂಟೈನ್ ಅನ್ನುವುದು ಇಟಲಿಯವರ ಭಾಷೆಯ 'ನಲವತ್ತು' ಅನ್ನುವ ಪದದಿಂದ ಹುಟ್ಟಿದ ಮಾತು. ಪ್ಲೇಗಿನ ಕಾಲದಲ್ಲಿ ವೆನಿಸ್‌ನವರು ಹಡಗುಗಳನ್ನು 40 ದಿನ ಹೊರಗೇ ನಿಲ್ಲಿಸುತ್ತಿದ್ದರು. ಅದಕ್ಕೂ ಮೊದಲು, 1377ರಲ್ಲಿ, ಈಗ ಡುಬ್ರೊವ್ನಿಕ್ ಅನ್ನುವ ಊರಿನವರು 30 ದಿನಕ್ಕೇ ಬಿಡುತ್ತಿದ್ದರು."

"2020ರಲ್ಲಿ ನಮಗೆ 14. ರಾಶಿ ರಿಯಾಯಿತಿ" ಎಂದ ಸುಬ್ಬಣ್ಣ.

"ರಿಯಾಯಿತಿ ಅಲ್ಲ ಮಾರಾಯ್ರೆ." ಶಾರದಕ್ಕ ಕಾರವಾರದ ಕಡೆಯವರು, ನರ್ಸ್ ಕೆಲಸದಿಂದ ನಿವೃತ್ತರಾದರೂ ಸೂಜಿ ಮಾತಿನಲ್ಲಿ ಉಳಿದಿದೆ. "ಕೊರೊನಾ ಒಳಗೆ ಹೊಕ್ಕ ಮೇಲೆ ಜ್ವರ ತೋರಿಸೋಕೆ 2ರಿಂದ 14 ದಿನ ಬೇಕಿತ್ತು, ಅದಕ್ಕೇ 14. ಸೋಂಕಿನವರ ಜೊತೆ ಇದ್ದು ಬಂದವರಿಗೆ ಲೆಕ್ಕ ಶುರುವಾಗೋದು ಅವರ ಹತ್ತಿರ ಇದ್ದ ಕೊನೇ ದಿನದಿಂದ, ಮನೆಗೆ ಬಂದು ಮಿಂದ ಹೊತ್ತಿಂದಲ್ಲ. ಹತ್ತನೇ ದಿನ ಮನೆಯವರೊಬ್ಬರು 'ಇನ್ನೆಂತ ಆಗ್ತದೆ' ಅಂತ ಪಕ್ಕ ಕೂತು ಕವಳ ಹಾಕಿದ್ರು, ಹನ್ನೊಂದಕ್ಕೆ ಒಳಗಿದ್ದವನಿಗೆ ಜ್ವರ ಬಂತು ಅಂತಿಟ್ಕೊಳ್ಳಿ. ಕವಳ ಹಾಕಿದವರಿಗೆ ಮತ್ತೆ ಒಂದರಿಂದ ಎಣಿಕೆ."

ಗಪ್ಪಣ್ಣ ತಬಕನ್ನು ಸ್ವಲ್ಪ ಈಚೆ ತಳ್ಳಿದ.

"ಮನೆ ದೂರ ಇದ್ರೆ ಊರಿಗೆ ಕ್ಷೇಮ. ಮನೆಯೊಳಗಿನವರಿಗೆ ಅದರಿಂದ ಎಂತ ಬಂತು? ಒಂದೇ ಬಚ್ಚಲು, ಒಂದೇ ಹಂಡೆ, ಒಂದೇ ಚೊಂಬು, ಬಾಗಿಲ ಹಿಂದೆ ಮೈ ಒರೆಸೋ ಒಂದೇ ಪಂಜಿ" ಎಂದರು ಶಾರದಕ್ಕ.

"ಮಾಳಿಗೆ ಮೇಲೆ ಕೂರಿಸಿದ್ರೆ ಆತಪ್ಪ."

"ಎಲ್ಲರೂ ಮೊದಲು ಹೇಳೋದು ಅದೇ. ಪಾಯಖಾನೆ ಕೆಳಗೆ. ರಾತ್ರಿ ಎರಡು ಸಲ ಏಣಿ ಇಳಿದು, ಎಲ್ಲರೂ ಮಲಗಿದ ನಡುಮನೆ ದಾಟಿ ಹೋಗ್ಬೇಕು. ಹೊರಗಡೆಗೇ ಬಾಗಿಲಿರೋ ಮೂಲೆ ಕೋಣೆ ಬೇಕು. ಹೊರಗಿನ ಕಿಟಕಿ ಸದಾ ತೆರೆದಿರ್ಲಿ, ಒಳಮನೆ ಕಡೆಯ ಬಾಗಿಲು ಸದಾ ಮುಚ್ಚಿರ್ಲಿ. ಊಟ ಹೊಸ್ತಿಲಾಚೆ ಸ್ಟೂಲ್ ಮೇಲೆ. ಇಟ್ಟವರು ಆರಡಿ ಹಿಂದೆ ಸರಿದ ಮೇಲೆ ಇವನು ಬಾಗಿಲು ತೆಗೀಬೇಕು."

"ಆರಡಿ ಅಂದರೆ ಒಂದು ಮಾರು" ಮಾಸ್ತರು ಎರಡೂ ಕೈ ಚಾಚಿ ತೋರಿಸಿದರು. ಸುಬ್ಬಣ್ಣನ ಕನ್ನಡಕ ಸ್ವಲ್ಪದರಲ್ಲಿ ಉಳಿಯಿತು. "ಆಳಿನ ಮಾರು. ಹೂವಿನವರ ಮಾರಲ್ಲ, ಅದು ಜಾತ್ರೆ ಹತ್ತಿರ ಬಂದ ಹಾಗೆ ಗಿಡ್ಡವಾಗುತ್ತದೆ."

"ಮುಟ್ಟದೇ ಇಪ್ಪುದು ನಮಗೆ ಕಲಿಸವಾ? ಮಡಿ ಗೊತ್ತಿದ್ದಲಿ" ಎಂದ ಗಪ್ಪಣ್ಣ.

"ಮಡಿಯಲ್ಲಿದ್ದವರು ಅಡುಗೆಮನೆಯೊಳಗೇ ಇರ್ತಾರೆ. ಇಲ್ಲಿ ಅಡುಗೆಮನೆಗೆ ಕಾಲಿಡೋ ಹಾಗಿಲ್ಲ. ಹೋಲಿಸ್ಬೇಕಂದ್ರೆ 'ಹೊರಗೆ ಕೂರೋದು' ಅಂತ ಹೇಳಿ. ಹಿತ್ತಿಲ ಕಡೆ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆ, ದೂರದಿಂದ ಬಡಿಸೋದು. ಹೆಂಗಸರನ್ನ ತಿಂಗಳಿಗೆ ಮೂರು ದಿನ ಕೂರಿಸಿದ ಮನೆಗಳಿಗೆ ಏರ್ಪಾಟೆಲ್ಲ ಬಾಯಿಪಾಠ. ಕಾರಣ ಮಾತ್ರ ಈ ಸಲ ನಿಜದ್ದು."

ಜಗುಲಿಯಲ್ಲಿ ಸ್ವಲ್ಪ ಹೊತ್ತು ಅಡಕತ್ತರಿಯ ಸದ್ದಷ್ಟೇ ಇತ್ತು.

"ಅದ್ಸರಿ, ಬಚ್ಚಲು ಒಂದೇ ಇದ್ರೆ?" ಸುಬ್ಬಣ್ಣ ಮಾತು ತಿರುಗಿಸಿದ.

"ಒಳಗಿರೋನು ಎಲ್ಲರದೂ ಆದ ಮೇಲೆ ಕೊನೆಗೆ ಮೀಯ್ಬೇಕು. ಆಮೇಲೆ ನಲ್ಲಿ, ಚಿಲಕ, ಕೂರೋ ಕಲ್ಲು ಎಲ್ಲಕ್ಕೂ ಬ್ಲೀಚಿಂಗ್ ನೀರು. ಒಂದು ಲೀಟರಿಗೆ 30 ಗ್ರಾಂ ಪೌಡರ್ ಹಾಕಿದ್ರೆ ಶೇಕಡಾ 1ರ ದ್ರಾವಣ. ತೂಕ ಮಾಡಿ ಹಾಕಿ, ಬೊಗಸೆ ಲೆಕ್ಕ ಬೇಡ. ಪ್ಲಾಸ್ಟಿಕ್ ಬಕೆಟಲ್ಲೇ ಕಲಸಿ, ತಾಮ್ರದ ಹಂಡೆ ಹತ್ತಿರ ಒಯ್ಯಲೇಬೇಡಿ, ತಿಂದುಹಾಕ್ತದೆ. ಅಡಿಯಲ್ಲಿ ಸುಣ್ಣದ ಗಸಿ ನಿಲ್ತದೆ, ಮೇಲಿನ ತಿಳಿ ತಗೊಂಡು ಒರೆಸಿ, 10 ನಿಮಿಷ ಬಿಟ್ಟು ತೊಳೀರಿ. ಇವತ್ತಿನದು ಇವತ್ತಿಗೇ. ನಾಳೆಗೆ ಶಕ್ತಿ ಇಳೀತದೆ."

"ಮನೆಯಲ್ಲಿ ಬಾವಿಗೆ ಹಾಕುವ ಪೌಡರ್ ಇದ್ದು."

"ಅದೇ. ಅಳತೆ ಬೇರೆ. ಬಾವಿಗೆ 1000 ಲೀಟರಿಗೆ ಎರಡೂವರೆ ಗ್ರಾಂ, ಹಾಕಿ ಒಂದು ಗಂಟೆ ಸುಮ್ನಿರ್ಬೇಕು. ಈ ಎರಡು ಲೆಕ್ಕ ಅದಲುಬದಲಾದ್ರೆ ಬಚ್ಚಲಲ್ಲಿ ವೈರಸ್ ಸುಖವಾಗಿರ್ತದೆ, ಚಾ ಮಾತ್ರ ಈಜುಕೊಳದ ಹಾಗೆ ನಾರ್ತದೆ. ಇನ್ನೊಂದು, ಮಳೆಗಾಲದಲ್ಲಿ ಚೀಲದ ಬಾಯಿ ಬಿಟ್ಟಿಟ್ರೆ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳೀತದೆ. ಮೂಗಿಗೆ ಹೊಡೀದ ಪೌಡರ್ ಗೋಡೆ ಬಳಿಯೋಕೆ ಸೈ."

"ಟಾಯ್ಲೆಟ್ ತೊಳೆಯುವ ಆಸಿಡ್ಡೂ ಒಂಚೂರು ಸೇರಿಸಿದ್ರೆ..." ಸುಬ್ಬಣ್ಣ ಉತ್ಸಾಹದಲ್ಲಿದ್ದ.

"ವಿಷದ ಗಾಳಿ ಏಳ್ತದೆ. ಕೊರೊನಾ ಇಲ್ಲದವರಿಗೂ ಉಸಿರು ಕಟ್ತದೆ. ಎರಡನ್ನ ಒಂದೇ ಕಪಾಟಲ್ಲಿ ಸಹ ಇಡ್ಬೇಡಿ. ಹಾಗೇ, ಪಾಯಖಾನೆ ಪೈಪು ಗೋಬರ್ ಗ್ಯಾಸಿಗೆ ಜೋಡಿಸಿದ ಮನೆಯವರು ಬ್ಲೀಚಿಂಗ್ ಬಕೆಟನ್ನ ಅದರೊಳಗೆ ಸುರೀಬೇಡಿ. ಗ್ಯಾಸ್ ಮಾಡೋವು ಸಗಣಿಯಲ್ಲಿರೋ ಸೂಕ್ಷ್ಮಜೀವಿಗಳು. ಅವುಗಳಲ್ಲಿ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಬ್ಲೀಚಿಂಗಿಗೆ ಗೊತ್ತಾಗೋದಿಲ್ಲ."

"ಹಂಗಾರೆ ಚಾ?" ಗಪ್ಪಣ್ಣ ಕಂಬ ಬಿಟ್ಟು ನೆಟ್ಟಗೆ ಕೂತ.

"ಸೌದೆ ಒಲೆ. ಹೆಚ್ಚಾದ ನೀರಿಗೆ ಬೇರೆ ಗುಂಡಿ ತೋಡಿ. ತಟ್ಟೆ ಲೋಟಕ್ಕೆ ಬ್ಲೀಚಿಂಗ್ ಬೇಡ, ಪಾತ್ರೆ ಸೋಪು ಸಾಕು, ಅವನೇ ತೊಳ್ಕೊಳ್ಳಿ. ಬಾಳೆ ಎಲೆಯಾದ್ರೆ ಇನ್ನೂ ಸುಲಭ, ಉಂಡದ್ದನ್ನ ಅವನೇ ಗುಂಡಿಗೆ ಹಾಕಿ ಮಣ್ಣು ಎಳೀಬೇಕು. ದನ ಕೊಟ್ಟಿಗೆಯಿಂದ ಎಷ್ಟು ಕೂಗಿದ್ರೂ ಕೊಡೋ ಹಾಗಿಲ್ಲ. ಮಾಸ್ಕನ್ನ ಕತ್ತರಿಸಿ ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು ಆಮೇಲೆ ಕಸಕ್ಕೆ."

ಸಾಮಾನಿನ ವಿಷಯ ಸುಬ್ಬಣ್ಣನೇ ಮುಗಿಸಿದ. ತರುವವನು ಅಂಗಳದ ಗೇಟಿನಂಥ ಉಣಗೋಲಿನ ಹತ್ತಿರ ಚೀಲ ಇಟ್ಟು ಕೂಗು ಹಾಕಿ ಹೋಗಬೇಕು. ಬಿಪಿ, ಶುಗರ್ ಮಾತ್ರೆ ಇರುವವರು 14ರ ಬದಲು 21 ದಿನದ್ದು ಇಟ್ಟುಕೊಳ್ಳಬೇಕು, ಹಳ್ಳಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ತರಕಾರಿ ಚಿಂತೆ ಬೇಡ, ತಂಬುಳಿಗೆ ಒಂದೆಲಗ ಅಂಗಳದಲ್ಲೇ ಇದೆ.

"ಸೆಲ್ಫಿ ಕಥೆ ಹೇಳಿ ಮಾಸ್ತರೇ."

"ಕಥೆಯಲ್ಲ, ಗಣಿತ. 2020ರಲ್ಲಿ ನಮ್ಮ ರಾಜ್ಯದ್ದು 'ಕ್ವಾರಂಟೈನ್ ವಾಚ್' ಅನ್ನುವ ಆಪ್. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ದಿನಕ್ಕೆ 16, 14 ದಿನಕ್ಕೆ 224. ಮದುವೆ ಆಲ್ಬಮ್ಮಿನಲ್ಲಿ ಮದುಮಗನದೇ ಅಷ್ಟು ಇರುವುದಿಲ್ಲ."

"ಸಿಗ್ನಲ್ ಬಪ್ಪುದು ಬೆಟ್ಟದ ತಲೆಮೇಲೆ" ಗಪ್ಪಣ್ಣ ನಗತೊಡಗಿದ. "ಮನೆಯಲ್ಲೇ ಇದ್ದಿ ಹೇಳಿ ಸಾಬೀತು ಮಾಡಲೆ ಮನೆ ಬಿಟ್ಟು ಹೋಗವು!"

"ಅಂಥ ಮನೆಗೆ ಲ್ಯಾಂಡ್‌ಲೈನ್ ಅಥವಾ ಫೈಬರ್ ಇದ್ದರೆ ಬದುಕಿದಿರಿ, ವೈಫೈ ಮೇಲೆ ಫೋನ್ ಮಾತಾಡಬಹುದು. ಕರೆಂಟ್ ಹೋದರೆ ರೂಟರ್ ಸಾಯುತ್ತದೆ, ಹಾಗಾಗಿ ಇನ್ವರ್ಟರಿಗೆ ಫ್ಯಾನಿಗಿಂತ ಮೊದಲು ಅದನ್ನು ಜೋಡಿಸಬೇಕು."

ಶಾರದಕ್ಕನಿಗೆ ಫೋನಿನ ಚಿಂತೆ ಬೇರೆ. "ಜ್ವರ ದಿನಕ್ಕೆರಡು ಸಲ ನೋಡಿ ಬರ್ದಿಡಿ. ಜ್ವರ ಬಂದ್ರೆ ಅದು ಕ್ವಾರಂಟೈನ್ ಅಲ್ಲ, ಕಾಯಿಲೆ. ರಕ್ತದ ಆಮ್ಲಜನಕ ಅಳೆಯೋ ಆಕ್ಸಿಮೀಟರ್ ಬೆರಳಿಗೆ ಹಾಕೋ ಮೊದಲು ಐದು ನಿಮಿಷ ಕೂರ್ಬೇಕು, ಬೆರಳು ಬೆಚ್ಚಗಿರ್ಬೇಕು, ಮೆಹಂದಿ, ಉಗುರುಬಣ್ಣ ಇರ್ಬಾರ್ದು. ಸಂಖ್ಯೆ ಕುಣಿಯೋದು ನಿಂತ ಮೇಲೆ ಓದಿ. 94ಕ್ಕಿಂತ ಕೆಳಗೆ ಬಂದ್ರೆ ಕಷಾಯ ಕುದಿಸ್ತಾ ಬೆಳಗು ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಕಾಲುಸಂಕ ದಾಟೋದಿಲ್ಲ. ಸಂಕದಾಚೆ ರಸ್ತೆವರೆಗೆ ಎತ್ತೋ ನಾಲ್ಕು ಜನ ಯಾರು, ಯಾವ ಕುರ್ಚಿ, ಕಟ್ಟೋಕೆ ಹಗ್ಗ ಎಲ್ಲಿದೆ, ಇದನ್ನ ಮೊದಲನೇ ದಿನವೇ ಗೊತ್ತು ಮಾಡಿಡಿ. ಎತ್ತೋರಿಗೂ ಮಾಸ್ಕ್ ತೆಗೆದಿಡಿ."

"ಕುರ್ಚಿಗೆ ಕೈ ಇರವು" ಎಂದ ಸುಬ್ಬಣ್ಣ ಗಂಭೀರವಾಗಿ. "ಪ್ಲಾಸ್ಟಿಕ್ಕಿನದು ಬ್ಯಾಡ, ಕಾಲು ಹಿಸೀತು."

ಗಪ್ಪಣ್ಣ ಬಹಳ ಹೊತ್ತಿನಿಂದ ಒಂದು ಪ್ರಶ್ನೆಯನ್ನು ದವಡೆಯಲ್ಲೇ ಇಟ್ಟುಕೊಂಡಿದ್ದ. "ಅಕ್ಕಾ, ಸ್ಟೂಲಿನ ಮೇಲೆ ಊಟದ ಸಂತಿಗೆ ಕವಳ ಇಡ್ಲಕ್ಕಾ?"

"ಇಡಿ. ಬೇರೆ ಬಟ್ಟಲಲ್ಲಿ."

"ಉಗುಳುದು?"

"ಕಿಟಕಿಯಿಂದ ಅಂತೂ ಅಲ್ಲ."

ಗಪ್ಪಣ್ಣ ಕಿಟಕಿಯ ಕಡೆ ನೋಡಿದ, ಅಂಗಳದ ಕಡೆ ನೋಡಿದ, ಲೆಕ್ಕ ಹಾಕಿದ. "14 ದಿನ ರಾಶಿ ಆತು ಭಾವ" ಎಂದ.