ಅಪ್‌ಡೇಟ್: ಈ ಸಲ ಅಂಜಲ್ ಒಣಗಲಿಲ್ಲ

ಓಟಿಜಿಯಲ್ಲಿ (ಮನೆಬಳಕೆಯ ಚಿಕ್ಕ ವಿದ್ಯುತ್ ಓವನ್) ಇಟ್ಟ ಅಂಜಲ್ ಮೀನಿನ ತುಂಡು ತೆಂಗಿನ ನಾರಿನಂತಾಗುತ್ತದೆ, ಜೊತೆಗೆ ಮಾಡಿದ ಪಾಸ್ತಾ ಮುದ್ದೆಯಾಗುತ್ತದೆ, ಏನು ಮಾಡಲಿ ಎಂದು ಕಳೆದ ವಾರ ಕೇಳಿದ್ದೆ. ನಿಮ್ಮ ಸಲಹೆಗಳನ್ನು ಮುಂದಿಟ್ಟುಕೊಂಡು ಭಾನುವಾರ ಮತ್ತೆ ಮಾಡಿದೆ.

ತಪ್ಪು ಓಟಿಜಿಯದಲ್ಲ, ನನ್ನದೇ. ಎರಡು ಸೆಂಟಿಮೀಟರ್ ದಪ್ಪದ ತುಂಡನ್ನು 25 ನಿಮಿಷ ಸುಡುತ್ತಿದ್ದೆ! ಈ ಸಲ ತೊಳೆದ ಮೀನನ್ನು ಬಟ್ಟೆಯಿಂದ ಒತ್ತಿ ತೇವ ತೆಗೆದು, ಉಪ್ಪು, ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ, ಎಣ್ಣೆ ಸವರಿದೆ. ಓಟಿಜಿ 200 ಡಿಗ್ರಿಗೆ ಕಾದ ಮೇಲೆಯೇ ಒಳಗಿಟ್ಟೆ. ಹನ್ನೆರಡನೆಯ ನಿಮಿಷಕ್ಕೆ ನಡುಮೂಳೆಯ ಪಕ್ಕ ಫೋರ್ಕ್ ಚುಚ್ಚಿ ತಿರುಗಿಸಿದೆ: ಗಾಜಿನಂತಿದ್ದ ಮಾಂಸ ಹಾಲುಬಿಳುಪಾಗಿ ಪದರ ಪದರವಾಗಿ ಬಿಟ್ಟುಕೊಂಡಿತು. ತಕ್ಷಣ ಹೊರತೆಗೆದೆ. ಲಿಂಬೆ ಹಿಂಡಿದ್ದು ಕೊನೆಗೆ. ಹಿಂದೆಲ್ಲ ಗಂಟೆಗಟ್ಟಲೆ ಲಿಂಬೆರಸದಲ್ಲೇ ನೆನೆಸಿಡುತ್ತಿದ್ದೆ, ಹುಳಿಗೆ ಮೀನು ಬೇಯಿಸುವ ಮೊದಲೇ ಗಟ್ಟಿಯಾಗುತ್ತಿತ್ತಂತೆ.

ಪಾಸ್ತಾದ ಕಥೆ ಚಿಕ್ಕದು. 200 ಗ್ರಾಂ ಪಾಸ್ತಾಕ್ಕೆ ಎರಡು ಲೀಟರ್ ಕುದಿಯುವ ನೀರು, ಪೊಟ್ಟಣದಲ್ಲಿ ಬರೆದದ್ದಕ್ಕಿಂತ ಒಂದು ನಿಮಿಷ ಕಡಿಮೆ. ತಣ್ಣೀರಿನಲ್ಲಿ ತೊಳೆಯಲಿಲ್ಲ. ಗಂಜಿಯಂಥ ಆ ನೀರನ್ನು ಅರ್ಧ ಲೋಟ ಉಳಿಸಿಕೊಂಡು, ಟೊಮೆಟೊ ಬೆಳ್ಳುಳ್ಳಿ ಒಗ್ಗರಣೆಗೆ ಸುರಿದೆ. ಸಾಸ್ ಪಾಸ್ತಾಕ್ಕೆ ಅಂಟಿಕೊಂಡಿತು. ಚೀಸ್ ಹಾಕಿ ಎಂದವರ ಮಾತನ್ನು ಮಾತ್ರ ಕೇಳಲಿಲ್ಲ, ಮೀನಿನ ಜೊತೆ ಅದು ನನಗೆ ಸೇರುವುದಿಲ್ಲ.

ಅಮ್ಮ ಒಂದು ತುಂಡು ತಿಂದು, "ಚೆನ್ನಾಗಿದೆ, ಸಾರು ಎಲ್ಲಿ?" ಎಂದರು. ತಟ್ಟೆಯಲ್ಲಿ ಮುಳ್ಳು ಮಾತ್ರ ಉಳಿದಿತ್ತು.